ಎರಡು ಸಲ ಉಪ್ಪು

ಮಾಕ್ವಾಲಾ ಹಿಟ್ಟಿಗೆ ಎರಡು ಸಲ ಉಪ್ಪು ಹಾಕಿದ್ದು
ಫೆಬ್ರವರಿಯ ಒಂದು ಮಂಗಳವಾರ.
ಶಾಲೆಯ ಕಾವಲುಗಾರ ರೊಟ್ಟಿ ವಾಪಸು ತಂದು
ಕಿಟಕಿಯ ಕಟ್ಟೆ ಮೇಲಿಟ್ಟು
"ಸಮುದ್ರ ಮಾರಾಟಕ್ಕಿಟ್ಟಿದ್ದೀರಾ?" ಅಂದ.
ನಕ್ಕೆವು. ಅವಳು ನಗಲಿಲ್ಲ.
ಬುಧವಾರ ಉಪ್ಪೇ ಹಾಕಲಿಲ್ಲ.

ಕುತೈಸಿಯಲ್ಲಿ, ರಿಯೋನಿ ಹೊಳೆಯ ಈಚೆ ದಡದಲ್ಲಿ
ನಮ್ಮದು ಒಂದೇ ಒಲೆಯ ಅಂಗಡಿ.
ಒಲೆ ಅಂದರೆ ಕೆಂಡ ತುಂಬಿದ ಮಣ್ಣಿನ ಬಾವಿ;
ಅದರ ಗೋಡೆಗೆ ರೊಟ್ಟಿ ಬಡಿಯಲು
ಸೊಂಟದವರೆಗೆ ಒಳಗೆ ಬಾಗಬೇಕು,
ಉಸಿರು ಬಿಗಿಹಿಡಿದು, ಕಣ್ಣು ಕಿರಿದು ಮಾಡಿ,
ಹಾಗೇ ಚಿಮ್ಮಿ ಏಳಬೇಕು.
ಇಪ್ಪತ್ತೆರಡು ವರ್ಷ ಬಾಗಿ ಎದ್ದವಳು
ಈಗೀಗ ಏಳಲು ತಡ ಮಾಡುತ್ತಿದ್ದಳು.
ನಾನು ದುಡ್ಡು ಎಣಿಸುವವಳು. ಎಣಿಸಿದೆ:
ಒಂದು, ಎರಡು, ಮೂರು.
ನಾಲ್ಕಕ್ಕೆ ಅವಳ ಏಪ್ರನ್ನಿನ ಗಂಟು ಹಿಡಿದೆಳೆದೆ.
"ಏನಿಲ್ಲ ದೋದೋ, ಒಳಗೆ ಬೆಚ್ಚಗಿತ್ತು" ಅಂದಳು.

ಬೀದಿಗೆ ಬೀದಿಯೇ ವೈದ್ಯರಾಯಿತು.
ಯಾರದೋ ದೃಷ್ಟಿ ಎಂದಳು ಎದುರುಮನೆಯ ತ್ಸಿಯುರಿ;
ಇಗರ್ಜಿಯಲ್ಲಿ ಮೇಣದಬತ್ತಿ ಹಚ್ಚಿ ಬಂದಳು, ಒಂದಲ್ಲ, ಒಂಬತ್ತು.
ಗಂಡ ಜೌರಿ ದ್ರಾಕ್ಷಿ ಸಾರಾಯಿ ಸುರಿದುಕೊಟ್ಟ.
ಅತ್ತೆ: "ನಮಗೆಲ್ಲಿತ್ತು ಬೇಸರಕ್ಕೆ ಪುರುಸೊತ್ತು?"
ನಾನೇನು ಕಡಿಮೆಯವಳಲ್ಲ,
"ಎರಡು ದಿನ ಚೆನ್ನಾಗಿ ನಿದ್ದೆ ಮಾಡು" ಅಂದಿದ್ದೆ,
ನಿದ್ದೆಯೇ ಬರದವಳಿಗೆ.

ಮನೋವೈದ್ಯರು ಎಂಬ ಮಾತನ್ನು ಮೊದಲು ಆಡಿದವನು
ಔಷಧದಂಗಡಿಯ ಹುಡುಗ,
ಮೆಲ್ಲಗೆ, ಕೈಗಡ ಕೇಳುವವನ ಹಾಗೆ.
ಜೌರಿ ಸಿಡಿದ: "ನನ್ನ ಹೆಂಡತಿ ಹುಚ್ಚಿಯಲ್ಲ!"
ಹುಡುಗ ಚಿಲ್ಲರೆ ಎಣಿಸುತ್ತಲೇ ಹೇಳಿದ:
"ನಮ್ಮಮ್ಮನೂ ಅಲ್ಲ. ಹೋಗಿದ್ದಳು."

ಮೂರನೇ ಮಹಡಿ. ಸರಳಿಲ್ಲ, ಬೀಗವಿಲ್ಲ.
ಕಿಟಕಿಯಲ್ಲಿ ಬಾಡಿದ ಪುದೀನ,
ಶೀತ ಹಿಡಿದು ಮೂಗೊರೆಸಿಕೊಳ್ಳುತ್ತಿದ್ದ ಎತೇರಿ ಡಾಕ್ಟರು.
ಜೌರಿ ಕಾರಿನಲ್ಲೇ ಕೂತ.
ಮಾಕ್ವಾಲಾ ನನ್ನ ಕೈ ಬಿಡಲಿಲ್ಲ, ಹಾಗಾಗಿ ನಾನೂ ಒಳಗೆ.

ಎಚ್ಚರ ಎಷ್ಟಕ್ಕೆ? ಮೂರಕ್ಕೆ.
ರೊಟ್ಟಿಗಾಗಿಯೋ? ರಜೆಯ ದಿನವೂ.
ಬಾಯಿರುಚಿ? ಕಾಗದ.
ಮುಟ್ಟು, ಕುಡಿತ, ಹಳೆಯ ಮಾತ್ರೆ,
ಮನೆತನದಲ್ಲಿ ಬೇರೆ ಯಾರಿಗಾದರೂ ಹೀಗೆ?
ಒಬ್ಬ ಚಿಕ್ಕಪ್ಪ. ಅವನ ಫೋಟೊ ಮನೆಯಲ್ಲಿಲ್ಲ.
ಕುತ್ತಿಗೆ ಒತ್ತಿ ನೋಡಿದರು, ಥೈರಾಯ್ಡ್ ಪರೀಕ್ಷೆಗೆ ಬರೆದರು.
ಮನಸ್ಸು ನೋಡುವವರಿಗೆ ಗಂಟಲೇಕೆ, ಎಂದುಕೊಂಡೆ.

ಆಮೇಲೆ, ಹಿಟ್ಟಿನ ಬೆಲೆ ಕೇಳಿದಷ್ಟು ಸಹಜವಾಗಿ:
"ಸಾಯಬೇಕು ಅನ್ನಿಸುತ್ತದೆಯೇ?"

ಕುರ್ಚಿಯಿಂದ ಅರ್ಧ ಎದ್ದೆ.
ಇಂಥದ್ದನ್ನು ಬಾಯಿಬಿಟ್ಟು ಕೇಳುತ್ತಾರೆಯೇ?
ಕೇಳಿದರೆ ಇಲ್ಲದ್ದೂ ಹುಟ್ಟದೇ?
ಹುಟ್ಟಲಿಲ್ಲ. ಇದ್ದದ್ದು ಹೊರಗೆ ಬಂತು.
ಮಾಕ್ವಾಲಾ ಉಸಿರು ಬಿಟ್ಟಳು,
ಒಲೆಯಿಂದ ಎದ್ದಮೇಲೆ ಬಿಡುವ ಉಸಿರು:
"ಬಾಗಿದಾಗ. ಏಳದಿದ್ದರಾಯಿತು, ಅಂತ."
ಚಳಿಗಾಲವಿಡೀ ಅವಳನ್ನು ಕೇಳಿದವರು ಇವರೊಬ್ಬರೇ.

ಡಾಕ್ಟರು ಕೂಗಲಿಲ್ಲ, ಶಿಲುಬೆ ಗುರುತು ಮಾಡಿಕೊಳ್ಳಲಿಲ್ಲ.
"ಸದ್ಯಕ್ಕೆ ಒಲೆಗೆ ಬಾಗುವವರು ಬೇರೆ ಯಾರಿದ್ದಾರೆ?"
ನನ್ನನ್ನು ನೋಡಿದರು.
ಜೌರಿಯನ್ನು ಮೇಲಕ್ಕೆ ಕರೆಸಿದರು; ಸಾರಾಯಿ ಬೇಡ ಎಂದರು.
ಮಾತ್ರೆ ಬರೆದು, "ಇದು ಬೇಗ ಬೇಯುವುದಿಲ್ಲ,
ವಾರಗಳು ಹಿಡಿಯುತ್ತವೆ, ನಡುವೆ ಬಿಡಬೇಡಿ.
ಶುಕ್ರವಾರ ಬನ್ನಿ. ರಾತ್ರಿ ಕಷ್ಟವಾದರೆ
ಶುಕ್ರವಾರದವರೆಗೆ ಕಾಯಬೇಡಿ."

ಈಗ ಒಲೆಗೆ ನಾನು ಬಾಗುತ್ತೇನೆ.
ಹುಬ್ಬು ಸುಟ್ಟಿದೆ, ರೊಟ್ಟಿ ಸೊಟ್ಟ.
ಮಾಕ್ವಾಲಾ ದುಡ್ಡು ಎಣಿಸುತ್ತಾಳೆ, ತಪ್ಪುತಪ್ಪಾಗಿ;
ಕೆಲವು ದಿನ ಎಣಿಸದೆ ಹೊಳೆ ನೋಡುತ್ತಾಳೆ.
ಜೌರಿ ಇನ್ನೂ ಕಾರನ್ನು
ಆಸ್ಪತ್ರೆಯ ಹಿಂದಿನ ಬೀದಿಯಲ್ಲೇ ನಿಲ್ಲಿಸುತ್ತಾನೆ.

ಐದನೆಯ ವಾರ, ಒಂದು ತುಣುಕು ಮುರಿದು
ಬಹಳ ಹೊತ್ತು ಅಗಿದಳು.
"ದೋದೋ, ಉಪ್ಪು ಕಡಿಮೆ."

ಕಡಿಮೆಯಿತ್ತೋ ಇಲ್ಲವೋ,
ಇನ್ನೊಂದು ಚಿಟಿಕೆ ಹಾಕಿದೆ.