ಅರ್ಧ ಪೌಂಡು

ಮಾರ್ಸ್ಟಾಲಿನ ಬಂದರು ಬೀದಿಯಲ್ಲಿ, ತೊಂಬತ್ತೊಂಬತ್ತರ ಅಕ್ಟೋಬರಿನಲ್ಲಿ
ಒಂದು ಪೌಂಡು ವರ್ಜೀನಿಯಾ ಕೊಂಡೆವು, ನಾನೂ ಎಬ್ಬೆಯೂ.
ಒತ್ತಿ ಒತ್ತಿ ಇಟ್ಟಿಗೆಯಾದ ಹೊಗೆಸೊಪ್ಪು; ಬಣ್ಣ ಒಣಹುಲ್ಲಿನದು,
ಘಾಟು ಎಳೆಯದು, ನಾಲಿಗೆ ಕಚ್ಚುವಂಥದು.
ರೈ ಬ್ರೆಡ್ಡು ಕೊಯ್ಯುವ ಚಾಕುವಿನಲ್ಲಿ ನಡುವೆ ಸೀಳಿ
ಎಬ್ಬೆ ಅಂದ: ಇಪ್ಪತ್ತು ವರ್ಷ ಮುಟ್ಟಕೂಡದು.
ಯಾರದು ಚೆನ್ನಾಗಿ ಹಣ್ಣಾಗುತ್ತದೋ ಅವನು ಗೆದ್ದ.
ಗೆದ್ದವನಿಗೆ ಏನು ಎಂದು ಮಾತಾಗಲೇ ಇಲ್ಲ.

ನಾನು ಹಾಯಿ ಹೊಲಿಯುವವನು, ಅವಸರ ಗೊತ್ತಿಲ್ಲ.
ಹೆರಿಂಗ್ ಮೀನು ಹುಳಿಹಾಕಿದ್ದ ಗಾಜಿನ ಭರಣಿಯೊಂದನ್ನು
ಕುದಿನೀರಲ್ಲಿ ಏಳು ಸಲ ತೊಳೆದೆ.
ಎಂಟನೆಯ ಸಲ ಹೆಂಡತಿ ತೊಳೆದಳು,
ನನ್ನ ಮೂಗಿನ ಮೇಲೆ ಅವಳಿಗೆ ನಂಬಿಕೆಯಿಲ್ಲ.
ಬಿಸಿಲಿಗೆ ಬೋರಲು ಹಾಕಿ, ಹನಿ ತೇವ ಉಳಿಯದಂತೆ ಆರಿಸಿ,
ಸೊಪ್ಪು ತುಂಬಿ, ಮೇಲೆ ಒಂದು ಬೆರಳು ಜಾಗ ಬಿಟ್ಟೆ:
ಅದಕ್ಕೂ ಉಸಿರು ಬೇಕು, ಆದರೆ ಒಂದೇ ಉಸಿರು.
ರಬ್ಬರು ಬಳೆಯಿಟ್ಟು ಮುಚ್ಚಳ ಬಿಗಿದೆ.
ನೆಲಮಾಳಿಗೆಯಲ್ಲಿ, ಆಲೂಗಡ್ಡೆ ಮೂಟೆಯ ಹಿಂದೆ, ಬೆಳಕು ಬೀಳದಲ್ಲಿ.

ಎಬ್ಬೆ ಹಡಗಿನ ಅಡುಗೆಯವನು.
ಅವನ ಪಾಲು ತಗಡಿನ ಡಬ್ಬಿಯಲ್ಲಿ ಕೂತು ಲೋಕ ಸುತ್ತಿತು,
ಸಾಂತೋಸ್, ಡಾಕರ್, ಕೊಲಂಬೊ, ಒಲೆಯ ಮೇಲಿನ ಕಪಾಟಿನಲ್ಲಿ.
ಸೆಕೆಗೆ ಬೇಗ ಹಣ್ಣಾಗುತ್ತೆ ಕಣೋ, ಎಂದು ಕಾರ್ಡು ಬರೆದ.
ಬೇಗ ಬೇಯುತ್ತೆ, ಎಂದು ಮರು ಬರೆದೆ.
ಮಾಗುವುದು ಬೇರೆ, ಬೇಯುವುದು ಬೇರೆ;
ಅಡುಗೆಯವನಿಗೆ ಅದನ್ನು ನಾನು ಹೇಳಿಕೊಡಬೇಕೆ?

ವರ್ಷಕ್ಕೊಮ್ಮೆ ಟಾರ್ಚು ಹಿಡಿದು ಇಳಿಯುತ್ತಿದ್ದೆ. ತೆರೆಯಲಿಲ್ಲ, ಆಣೆಗೂ.
ಹುಲ್ಲಿನ ಬಣ್ಣ ಜೇನಾಯಿತು, ಜೇನು ತೊಗಲಾಯಿತು,
ತೊಗಲು ಹಳೇ ಪಿಟೀಲಿನ ಬೆನ್ನಾಯಿತು.
ಹನ್ನೊಂದನೆಯ ವರ್ಷ ಸೊಪ್ಪಿನ ಮೇಲೆ ಬಿಳಿ.
ಎದೆ ಧಸಕ್ಕೆಂದಿತು: ಬೂಷ್ಟು!
ಟಾರ್ಚು ಓರೆ ಹಿಡಿದೆ. ಬೂಷ್ಟಾದರೆ
ಉಣ್ಣೆಯ ಹಾಗೆ ಬೆಳಕು ನುಂಗುತ್ತದೆ. ಇದು ಮಿನುಗಿತು.
ಸಕ್ಕರೆ ಅನ್ನುವವರುಂಟು, ಉಪ್ಪು ಅನ್ನುವವರುಂಟು,
ನಾನು ಮೆಟ್ಟಿಲ ಮೇಲೆ ಕೂತು ಒಬ್ಬನೇ ನಕ್ಕೆ.

ಇಪ್ಪತ್ತು ಅಂದದ್ದು ಇಪ್ಪತ್ತೆರಡಾಯಿತು.
ನಡುವೆ ಜ್ವರದ ಚಳಿಗಾಲವೊಂದು ಊರಿಗೇ ಮುಚ್ಚಳ ಬಿಗಿದಿತ್ತು.
ಎಬ್ಬೆ ಬದುಕಿದ. ಬಂದ. ಮೇಜಿನ ಮೇಲೆ ಡಬ್ಬಿಯಿಟ್ಟ.
ತಳದಲ್ಲಿ ಸೂಜಿಮೊನೆಯಷ್ಟು ತುಕ್ಕಿನ ತೂತು;
ಒಳಗೆ ಬೆರಳಿಟ್ಟರೆ ಬರೀ ಪುಡಿ, ಹಳೇ ಚಹಾಪುಡಿ.
ಸೋತೆ, ಅಂದ ಸುಲಭವಾಗಿ. ನಿನ್ನದು ತೆಗಿ.

ಮುಚ್ಚಳ ನಿಟ್ಟುಸಿರಿಟ್ಟಿತು.
ಪಕ್ಕದ ಕೋಣೆಯಿಂದ ಹೆಂಡತಿ, ಏನದು, ಅಂದಳು.
ಎಬ್ಬೆ ಭರಣಿಯೊಳಗೆ ಮೂಗಿಟ್ಟ. ಬಹಳ ಹೊತ್ತು ಇಟ್ಟ.
ಮುಖ ಎತ್ತಿ, ಹೇಗಿದೆ ಹಾಲ್ದಾನ್, ಹೇಳು, ಅಂದ.
ಆಗ ತಿಳಿಯಿತು. ಜ್ವರ ಹೋಗುವಾಗ
ಅವನ ಮೂಗನ್ನೂ ಕೊಂಡುಹೋಗಿತ್ತು.
ಸಾರು ಸೀದರೂ ಗೊತ್ತಾಗದ ಅಡುಗೆಯವನು,
ಯಾರಿಗೂ ಹೇಳಿರಲಿಲ್ಲ.

ಮಾತು ನನ್ನ ಕಸುಬಲ್ಲ.
ಅಂಜೂರ, ಅಂದೆ. ಒಣಗಿದ್ದು.
ಇನ್ನೂ, ಅಂದ.
ಹುಳಿ, ಸ್ವಲ್ಪ, ಬಾಯಿಗೆ ಬರುವ ಮೊದಲೇ ಸಿಹಿಗೆ ತಿರುಗುವಂಥದು.
ಇನ್ನೂ.
ನಿಮ್ಮಮ್ಮ ಪ್ಲಮ್ಮಿನ ಜಾಮು ಇಡುತ್ತಿದ್ದ ಬೀರು, ಕೆಳಗಿನ ಅರೆ.
ಮಳೆ ನಿಂತ ಮೇಲೆ ಕುದುರೆ ಲಾಯದ ಬಾಗಿಲು.
ಆಮೇಲೆ, ಪಾದ್ರಿಯ ಸೈಕಲ್ಲು ಕದ್ದ ದಿನ
ನಾವಿಬ್ಬರು ಅಡಗಿ ಕೂತ ಹುಲ್ಲು ಬಣವೆ, ಅದರ ಒಳಗಡೆ,
ಬೆಚ್ಚಗೆ ಇತ್ತಲ್ಲ, ಅದು.
ಅವನು ಕಣ್ಣು ಮುಚ್ಚಿದ್ದ.
ಹ್ಞಾ, ಅಂದ. ಅದು ಗೊತ್ತು.

ಪೈಪು ಹಚ್ಚಲಿಲ್ಲ ಅವತ್ತು.
ಅವನ ಪುಡಿಯನ್ನು ನನ್ನ ಸೊಪ್ಪಿನ ಮೇಲೆ ಸುರಿದು ಮತ್ತೆ ಬಿಗಿದೆವು,
ಒಣಗಿದ್ದು ಹಸಿಯದರ ತೇವ ಕುಡಿಯಲಿ ಎಂದು.
ಮೂರು ವಾರ ಸಾಕು, ಅಂದೆ.
ಮೂರು ವರ್ಷ ಅಂತ ಬರಿ, ಅಂದ ಎಬ್ಬೆ, ಚೀಟಿ ಮುಂದೆ ತಳ್ಳಿ.
ಇಬ್ಬರ ವಯಸ್ಸು ಕೂಡಿದರೆ ನೂರೈವತ್ತೆರಡು.
ಪೆನ್ಸಿಲು ಮೊಂಡಾಗಿತ್ತು. ಹರಿತ ಮಾಡಿಕೊಂಡು ಬರೆದೆ.