ಇಪ್ಪತ್ತಮೂರು

ದಿವಾಡಿಯ ಫೆರಿಗೆ ಕಾಯುತ್ತ, ರಾಯಬಂದರಿನ ಇಳಿಜಾರಿನಲ್ಲಿ,
ಮುಂದೆ ಮೀನಿನ ಟೆಂಪೋ, ಅದರ ಮುಂದೆ ಮಾಂಡೋವಿ,
ಬ್ರೇಕಿನ ಮೇಲೆ ಪಾದವಿಟ್ಟು ಕೂತಿದ್ದೆ.
ಹೆಚ್ಚೇನೂ ಒತ್ತಿರಲಿಲ್ಲ. ಬಿಟ್ಟಂತೂ ಇರಲಿಲ್ಲ.

ಪೆಡಲು ಇಳಿಯಿತು.
ಬಸ್ಸಿನಲ್ಲಿ ನಿದ್ದೆ ಹೋದವನ ತಲೆ
ಪಕ್ಕದವನ ಹೆಗಲಿಗೆ ಇಳಿಯುವಂತೆ,
ಸದ್ದಿಲ್ಲ, ನೆಪವಿಲ್ಲ.
ಟೆಂಪೋದ ಬೆನ್ನಿಗೆ ಬರೆದ ಸಂತ ಅಂತೋನಿಯ ಹೆಸರು
ಅಕ್ಷರ ಅಕ್ಷರವಾಗಿ ದೊಡ್ಡದಾಗುತ್ತ ಬಂತು.
ಕೈಬ್ರೇಕು ಎಳೆದೆ.
ಅಂತೋನಿ ಅಲ್ಲಿಗೇ ನಿಂತ.

ಇನಾಸ್ ಬರೆಟ್ಟೊ ಮೊದಲು ಬಾನೆಟ್ಟು ಎತ್ತಲಿಲ್ಲ.
ಸ್ಟೂಲು ಎಳೆದು ಬಾಗಿಲ ಪಕ್ಕ ಕೂತ,
ಕನ್ನಡಕದ ಮೇಲಿಂದ ನನ್ನ ಕಾಲನ್ನೇ ನೋಡಿದ.
"ಎಂಜಿನ್ ಬಂದ್ ಮಾಡು. ನಾಕು ಸಲ ತುಳಿ."
ತುಳಿದೆ. ಪೆಡಲು ಎದ್ದು ಕಲ್ಲಾಯಿತು.
"ಗಾಳಿ ಹೊಕ್ಕಿದ್ದರೆ ಇಡ್ಲಿಯ ಹಾಗಿರುತ್ತಿತ್ತು. ಗಾಳಿಯಲ್ಲ.
ಈಗ ಹಗೂರ ಒತ್ತಿ ಹಿಡಿ. ಬಿಡಬೇಡ. ಎಣಿಸು."

ಎಣಿಸಿದೆ, ಕನ್ನಡದಲ್ಲಿ,
ಅಂಕೋಲೆಯ ಶಾಲೆಯಲ್ಲಿ ಮಗ್ಗಿ ಒಪ್ಪಿಸಿದ ಅದೇ ದನಿಯಲ್ಲಿ.
ಹತ್ತರವರೆಗೆ ಏನೂ ಇಲ್ಲ.
ಹದಿನೈದಕ್ಕೆ ಅದಕ್ಕೆ ಮನಸ್ಸಾಯಿತು.
ಇಪ್ಪತ್ತಮೂರಕ್ಕೆ ಮ್ಯಾಟಿನ ಮೇಲೆ ಮಲಗಿತ್ತು.

ಸವಣೂರಿನ ಹುಡುಗ ಮಕ್ತುಂಸಾಬ
ಬ್ಯಾಟರಿ ಹಿಡಿದು ಕೆಳಗೆ ತೂರಿದ.
ಮುಂದಿನ ಎಡಚಕ್ರದಿಂದ ಕೂಗು: "ಒಣಾ ಐತ್ರಿ."
ಬಲದಿಂದ: "ಒಣಾ."
ಹಿಂದಿನವುಗಳ ಡ್ರಮ್ಮು ಬಿಚ್ಚಿ: "ಬರೇ ಧೂಳ್ರಿ, ಹಸಿ ಇಲ್ಲ."
ಪೈಪಿನುದ್ದಕ್ಕೂ ಬೆರಳಾಡಿಸಿ
ಬೆರಳನ್ನೇ ಬೆಳಕಿಗೆ ಹಿಡಿದು ತೋರಿಸಿದ.
ಡಬ್ಬಿಯಲ್ಲಿ ಎಣ್ಣೆ ಗೆರೆಗೆ ಸರಿಯಾಗಿ ನಿಂತಿತ್ತು,
ಒಂದು ಹನಿ ಮುಟ್ಟಿಲ್ಲವೆಂದು ಆಣೆ ಇಡುವವನ ಹಾಗೆ.

ಎಲ್ಲೂ ಸೋರದೆ ಇಳಿಯುವುದು ಹೇಗೆ?

"ಒಳಗೇ ಸೋರುತ್ತದೆ," ಅಂದ ಇನಾಸ್,
"ಮಾಸ್ಟರ್ ಸಿಲಿಂಡರಿನಲ್ಲಿ. ನೀನು ತಳ್ಳಿದ್ದು ಚಕ್ರಕ್ಕೆ ಹೋಗದೆ
ರಬ್ಬರಿನ ಅಂಚಿಗೆ ನುಸುಳಿ ಹಿಂದಕ್ಕೇ ಬರುತ್ತದೆ.
ಮನೆಯ ಹಾಲು ಮನೆಯ ಬೆಕ್ಕಿಗೇ."

ಬಿಚ್ಚಿ, ಒಳಗಿನದನ್ನು ನನ್ನ ಅಂಗೈಗೆ ಸುರಿದ.
ಹೆಬ್ಬೆಟ್ಟಿನ ಉಗುರಿಗಿಂತ ತುಸು ದೊಡ್ಡ ಕಪ್ಪು ಬಟ್ಟಲು,
ತುಟಿಯೊಂದು ಕಡೆ ಹರಿದಿತ್ತು.

"ಯಾರು ಇದನ್ನು ಕೊನೆಯವರೆಗೆ ತುಳಿದದ್ದು?"

ನಾನೇ. ಹೋದ ಭಾನುವಾರ.
ಹಳೆಯ ಎಣ್ಣೆ ಕಪ್ಪಾಗಿದೆ, ಹೊಸದು ಹಾಕೋಣವೆಂದು
ಸುಗಂಧಾಳ ಕೈಗೆ ಚಕ್ರದ ಬಳಿ ಬಾಟಲಿ ಕೊಟ್ಟು
ನೆಲ ಮುಟ್ಟುವಂತೆ ತುಳಿದೆ, ಮತ್ತೆ ತುಳಿದೆ,
ಗಾಡಿಗೆ ಉಪಕಾರ ಮಾಡುತ್ತಿದ್ದೇನೆಂಬ ಹುರುಪಿನಲ್ಲಿ.

ಇನಾಸ್ ಸಿಲಿಂಡರನ್ನು ಬಾಗಿಲ ಬಿಸಿಲಿಗೆ ಓರೆ ಹಿಡಿದ.
"ನೋಡು. ಇಪ್ಪತ್ತಾರು ವರ್ಷ ಈ ರಬ್ಬರು
ಇಷ್ಟೇ ಜಾಗದಲ್ಲಿ ಓಡಾಡಿದೆ. ಕನ್ನಡಿ.
ಇದರಾಚೆ ಅದು ಕಾಲಿಟ್ಟದ್ದೇ ಇಲ್ಲ. ತುಕ್ಕು.
ಅಲ್ಲಿಗೆ ಅಟ್ಟಿದೆ ನೀನು."

ಬೈಯಲಿಲ್ಲ. ಹಣೆ ಒರೆಸಿಕೊಂಡ.
ಈ ಕಾರು ಮಾರಿದ ಸಿಸ್ಟರ್ ಫಿಲೊಮೆನಾ ನೆನಪಾದಳು:
ಆಸ್ಪತ್ರೆ, ಇಗರ್ಜಿ, ಮನೆ. ಇಷ್ಟೇ ದಾರಿ.
ಅವಳ ಕಾಲು ಅರ್ಧದ ಕೆಳಗೆ ಇಳಿದಿರಲಿಕ್ಕಿಲ್ಲ.
ಕೀಲಿ ಕೊಡುವಾಗ ಏನೋ ಹೇಳಹೊರಟಿದ್ದಳು,
ನಾನು ಆಗಲೇ ಕನ್ನಡಿ ಸರಿಮಾಡಿಕೊಳ್ಳುತ್ತಿದ್ದೆ.

ಶುಕ್ರವಾರ ಹೊಸ ಸಿಲಿಂಡರು. ಮತ್ತೆ ಅದೇ ಇಳಿಜಾರು.
ಒತ್ತಿ ಹಿಡಿದೆ. ಇಪ್ಪತ್ತಮೂರು ದಾಟಿತು,
ಪೆಡಲು ಅಲ್ಲೇ. ಅರವತ್ತು. ಅಲ್ಲೇ.
ಫೆರಿ ಬಂದು ತನ್ನ ಕಬ್ಬಿಣದ ನಾಲಿಗೆ ಚಾಚಿತು,
ಸೀಟಿ ಊದಿದರು, ಟೆಂಪೋ ಹತ್ತಿತು,
ಹಿಂದಿನ ಸ್ಕೂಟರಿನವಳು ಹಾರ್ನು ಒತ್ತಿ
"ಫುಡೆಂ ವಚ್ ರೇ!" ಎಂದು ಗದರಿದಳು.
ನೂರ ಹತ್ತು, ನೂರ ಹನ್ನೊಂದು,
ತಡಿ ತಾಯಿ,
ಕಾಲು ಇನ್ನೂ ನಂಬುತ್ತಿಲ್ಲ.