ಎಡಗುಂಡಿ

ಬೆಳಗಾವಿಯ ಉದ್ಯಮಬಾಗಿನ ಒಂದು ತಗಡಿನ ಶೆಡ್ಡಿಗೆ
ನಾನು ಮಾಡಿಕೊಟ್ಟ ಫಲಕ:
ಎರಡು ಹಸಿರು ಗುಂಡಿ, ನಡುವೆ ಒಂದು ಕೆಂಪು.
ಎರಡೂ ಹಸಿರನ್ನು ಒಟ್ಟಿಗೆ ಒತ್ತಿದರೆ ಮಾತ್ರ
ಐವತ್ತು ಟನ್ನಿನ ಪ್ರೆಸ್ಸು ಕೆಳಗಿಳಿಯುತ್ತದೆ.
ಎಡಗೈ ಇಲ್ಲಿ, ಬಲಗೈ ಅಲ್ಲಿ,
ಅಚ್ಚಿನ ಬಾಯಿಗೆ ಯಾವ ಕೈ ಸಿಕ್ಕೀತು?
ಲೆಕ್ಕ ಹೊಳೆದ ರಾತ್ರಿ ಒಬ್ಬನೇ ಕೂತು
ಪಾವು ಕಿಲೋ ಕುಂದಾ ತಿಂದು ಮುಗಿಸಿದೆ.

ಅದಕ್ಕೂ ಮೊದಲು ಆ ಪ್ರೆಸ್ಸಿನ ಮುಂದೆ ನಿಲ್ಲುತ್ತಿದ್ದ ಜೋತಿಬಾ
ಈಗ ಗೇಟಿನಲ್ಲಿ ಸಲಾಮು ಹೊಡೆಯುತ್ತಾನೆ.
ಮೂರು ಬೆರಳಿನ ಸಲಾಮು.

ಆರು ತಿಂಗಳ ಮೇಲೆ ಬೇರೇನಕ್ಕೋ ಹೋದೆ.
ಎಡಗುಂಡಿಗೆ ಸೈಕಲ್ ಟ್ಯೂಬಿನ ಪಟ್ಟಿ,
ಬಿಗಿಯಾಗಿ ಮೂರು ಸುತ್ತು, ಹಿಂದೆ ಗಂಟು.
ಮುಂದೆ ಪೀರನವಾಡಿಯ ಫಕೀರವ್ವ
ಒಂದು ಕೈಯಲ್ಲಿ ಒತ್ತುತ್ತ, ಇನ್ನೊಂದರಲ್ಲಿ
ಬಿಲ್ಲೆ ಇಡುತ್ತ, ತೆಗೆಯುತ್ತ, ಇಡುತ್ತ.

ಸಿಟ್ಟು ಬಂತು. ಸಿಟ್ಟಿಗಿಂತ ಮೊದಲು ಅವಮಾನ.
ಇನ್ನೊಂದು ರಿಲೇ ಹಾಕುತ್ತೇನೆ,
ಬಿಟ್ಟು ಬಿಟ್ಟು ಒತ್ತದಿದ್ದರೆ ಅಲುಗಾಡದ ಹಾಗೆ,
ಕಟ್ಟಲಿ ನೋಡೋಣ ಆಮೇಲೆ, ಅಂದುಕೊಂಡೆ.
"ಏನವ್ವಾ ಇದು?"
ಪಾಟಿ ಒಡೆದ ಹುಡುಗಿಯಂತೆ ಆಕೆ
ಗಂಟು ಬಿಚ್ಚಲು ಕೈ ಹಾಕಿದಳು.
"ನಂದ ತಪ್ಪರಿ ಸಾಹೇಬ್ರ, ನನಗ ಬರೂದಿಲ್ಲ.
ಎಡಗೈ ಅಷ್ಟ ಮ್ಯಾಲೆ ಎತ್ತಿ ಎತ್ತಿ
ಹೊತ್ತ ಮುಣಗೂದ್ರಾಗ ರಟ್ಟಿ ಬೀಳತಾವ."

ಬೈಯಲು ತೆರೆದ ಬಾಯಿ ಮುಚ್ಚಿಕೊಂಡೆ.
ಎಣ್ಣೆ ಡಬ್ಬಿ ಬೋರಲು ಹಾಕಿ ಕೂತೆ.
ಮೂರು ತಾಸು.

ಫಲಕ ಇಟ್ಟದ್ದು ನನ್ನ ಎದೆಯ ಎತ್ತರಕ್ಕೆ,
ನನ್ನ ಎದೆ ಆಕೆಯ ಗದ್ದ.
ಸಿದ್ಧವಿದೆ ಎನ್ನಲು ಒಂದು ದೀಪ ಇಟ್ಟಿದ್ದೆ;
ಪಡುವಣ ಕಿಟಕಿಯ ಬಿಸಿಲು ಬಿದ್ದರೆ
ಹತ್ತಿದ್ದೂ ಆರಿದ್ದೂ ಒಂದೇ.
ಆಕೆ ದೀಪ ನೋಡುವುದೇ ಇಲ್ಲ.
ಗಾಳಿ ಸಿಲಿಂಡರು ಫುಸ್ ಎಂದಿತೆಂದರೆ
ಕೈ ತಾನಾಗಿ ಹಿಂದೆ ಬರುತ್ತದೆ.
ಆ ಸದ್ದನ್ನು ನಾನು ದೋಷಗಳ ಪಟ್ಟಿಯಲ್ಲಿ ಬರೆದಿದ್ದೆ,
ಮುಂದಿನ ಸಲ ಅಡಗಿಸಬೇಕೆಂದು.

ಕೆಂಪಿನ ಮೇಲೆ ಒಂದು ಹರಳಿನ ಟಿಕಳಿ ಅಂಟಿಸಿತ್ತು.
"ಮೂರೂ ಒಂದ ನಮೂನಿ ಅದಾವ್ರಿ.
ಗಾಬ್ರಿ ಆದಾಗ ಕಣ್ಣ ಎಲ್ಲಿರತಾವ?
ಬೆರಳಿಗೆ ಗೊತ್ತಾಗಬೇಕಲ್ಲ."

ಗುಂಡಿ ಅನ್ನುತ್ತೇವೆ,
ಒತ್ತುವುದಕ್ಕೂ, ಬೀಳುವುದಕ್ಕೂ.
ತೋಡಿದವನಿಗೆ ಎಲ್ಲಿದೆಯೆಂದು ಗೊತ್ತು,
ಕತ್ತಲಲ್ಲಿ ಬರುವವಳು ಅವನಲ್ಲ.
ಆ ರಬ್ಬರು ಪಟ್ಟಿ ನನ್ನ ಕೆಲಸಕ್ಕೆ ಬಂದ ಮೊದಲ ಪತ್ರ.
ಓದಲು ಬಾರದೆ
ಕಳ್ಳತನ ಅಂದುಕೊಂಡಿದ್ದೆ.

ಫಲಕ ಇಳಿಸಿದೆ: ಒಂದು ಗೇಣು, ನಾಲ್ಕು ಬೆರಳು.
ಬೆರಳ ತುದಿಯಿಂದ ಒತ್ತುವುದು ಬೇಡ,
ಅಂಗೈ ಇಟ್ಟರೆ ಸಾಕು, ಅಷ್ಟು ಅಗಲದ ಗುಂಡಿ,
ರೊಟ್ಟಿ ಬಡಿಯುವಷ್ಟು ಓರೆ.
ಕೆಂಪನ್ನು ಅಣಬೆಯಷ್ಟು ದಪ್ಪ ಮಾಡಿ ಹೊರಗೆ ಚಾಚಿದೆ,
ಮೊಣಕೈ ತಾಗಿದರೂ ನಿಲ್ಲಬೇಕು.
ರಿಲೇನೂ ಹಾಕಿದೆ; ಅದು ಕೊನೆಗೆ.
ಫುಸ್ ಅನ್ನುವುದನ್ನು ಮುಟ್ಟಲಿಲ್ಲ.

ಅಷ್ಟೇಕರ ಶೇಠ ಬಿಲ್ಲು ಹಿಡಿದು ಕೇಳಿದ:
"ಇದರಾಗ ಹೊಸಾದ್ದ ಏನೈತ್ರಿ?"
ಏನೂ ಇಲ್ಲ ಅಂದೆ. ಅರ್ಧ ಕತ್ತರಿಸಿಕೊಂಡೇ ಕೊಟ್ಟ.

ತಿಂಗಳ ಮೇಲೆ ಮತ್ತೆ ಹೋದೆ, ಸುಳ್ಳು ನೆಪ ಹೇಳಿ.
ಫಕೀರವ್ವ ಪಕ್ಕದವಳ ಜೊತೆ
ಮಗಳ ನೆಂಟಸ್ತಿಕೆಯ ಮಾತಾಡುತ್ತ
ಎರಡೂ ಕೈ ಇಟ್ಟು ಎತ್ತುತ್ತಿದ್ದಳು.
"ಈಗ ಛಲೋ ಆತೇನವ್ವ?"
"ಏನ್ ಛಲೋ ಆತ್ರಿ?"
ಮರೆತೇ ಬಿಟ್ಟಿದ್ದಾಳೆ.
ಇನ್ನೊಮ್ಮೆ ಕುಂದಾ ತಿನ್ನಬೇಕು ಅನಿಸಿತು.

ಊಟದ ಗಂಟೆಗೆ ಆಕೆ ಡಬ್ಬಿ ತೆಗೆದಳು.
ಮುಚ್ಚಳದ ಮೇಲೆ ಅದೇ ಟ್ಯೂಬು,
ಮೂರು ಸುತ್ತು, ಹಿಂದೆ ಗಂಟು.
ಆ ಡಬ್ಬಿಯ ಕೊಂಡಿ ಮಾಡಿದವನು ಎಲ್ಲಿದ್ದಾನೋ,
ಅವನಿಗೊಂದು ಪತ್ರ ಬಂದಿದೆ.